ಕುವೈತಿನ ಬಾಲ್ಕನಿಯಲ್ಲೊಂದು ಎಲಚಿ ಗಿಡ

ಸಂಕ್ರಾಂತಿಯಂದು ಐದು ವರ್ಷದೊಳಗಿನ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ. ಹಣ್ಣು, ಕಬ್ಬಿನ ಚೂರು, ಕಾಸು ಬೆರೆಸಿ ಮಗುವಿನ ತಲೆಯ ಮೇಲೆ ಸುರಿದು ಆರತಿ ಎತ್ತಿದರೆ ದೃಷ್ಟಿ ತಾಕದು ಎಂಬ ನಂಬಿಕೆ. ಸಾಲ್ಮಿಯಾ, ಮಂಗಫ್, ಅಬ್ಬಾಸಿಯಾಗಳ ಫ್ಲಾಟುಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರು ಈ ಹಣ್ಣಿಗಾಗಿ ಊರಿನ ದಾರಿ ಕಾಯಬೇಕಿಲ್ಲ. ಕುವೈತಿನ ಕಾಂಪೌಂಡುಗಳಲ್ಲಿ, ರಸ್ತೆ ಬದಿಯಲ್ಲಿ ನಿಂತಿರುವ ಸಿದ್ರ್ ಮರ ನಮ್ಮ ಎಲಚಿಯ ದಾಯಾದಿ. ಅದರ ಹಣ್ಣನ್ನು ಇಲ್ಲಿಯವರು ನಬಕ್ ಎಂದೂ ಕನಾರ್ ಎಂದೂ ಕರೆಯುತ್ತಾರೆ.

ಸಿದ್ರ್ ಅರಬರಿಗೆ ಪೂಜ್ಯ ಮರ. ಕುರಾನಿನಲ್ಲಿ ಅದರ ಹೆಸರು ಬರುತ್ತದೆ. ಶವಸ್ನಾನದ ನೀರಿಗೆ ಅದರ ಎಲೆ ಬೆರೆಸುತ್ತಾರೆ. ಜಿನ್ನುಗಳು ಅದರಲ್ಲಿ ವಾಸವಾಗಿರುತ್ತವೆ, ಕಡಿದರೆ ಕೇಡು ಎಂದು ಹಳಬರು ಹೇಳುತ್ತಾರೆ. ಕುವೈತಿನ ಬಿಸಿಲಿಗೂ ಎಲಚಿ ಬದುಕುತ್ತದೆ, ನಮ್ಮ ಹಬ್ಬಕ್ಕೂ ಒದಗುತ್ತದೆ. ಈ ನೆಲದಲ್ಲಿ ಒಂದೇ ಗಿಡ ಬೆಳೆಸಲು ಜಾಗವಿದ್ದರೆ ನಾನು ಹೇಳುವುದು ಇದನ್ನೇ.

ಗುರುತು ಹಿಡಿಯುವುದು

ಎಲೆಯನ್ನು ಬೆಳಕಿಗೆ ಹಿಡಿಯಿರಿ. ತೊಟ್ಟಿನಿಂದಲೇ ಮೂರು ನರ ಒಟ್ಟಿಗೆ ಹೊರಟಿದ್ದರೆ ಅದು ಎಲಚಿಯ ಕುಲ. ಈಗ ತಿರುಗಿಸಿ ನೋಡಿ: ಎಲೆಯ ಹಿಂಬದಿ ಬಿಳಿ ನವಿರಿನಿಂದ ಮೆತ್ತಗಿದ್ದರೆ ನಮ್ಮೂರಿನ ಎಲಚಿ, ಹಸಿರಾಗಿ ನುಣುಪಾಗಿದ್ದರೆ ಸಿದ್ರ್. ಗೆಣ್ಣಿನಲ್ಲಿ ಮುಳ್ಳು ಸಾಮಾನ್ಯವಾಗಿ ಜೋಡಿಯಾಗಿರುತ್ತದೆ, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ. ಬಟ್ಟೆ ಹರಿಯುವುದು ಕೊಕ್ಕೆಯದರಿಂದ.

ಊರುವುದು, ನೆಡುವುದು

ಚೆನ್ನಾಗಿ ಹಣ್ಣಾದದ್ದನ್ನು ತಿಂದು ಗೊರಟು ತೊಳೆದು ಒಣಗಿಸಿ. ಗಟ್ಟಿ ಚಿಪ್ಪಿನೊಳಗೆ ಸಾಮಾನ್ಯವಾಗಿ ಒಂದೋ ಎರಡೋ ಬೀಜ ಇರುತ್ತವೆ. ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಕುಟ್ಟಾಣಿಯಿಂದ ಮೆಲ್ಲಗೆ ಬಿರುಕು ಬಿಡಿಸಿ, ಒಂದು ದಿನ ನೀರಿನಲ್ಲಿ ನೆನೆಸಿ. ಫೆಬ್ರವರಿ ಕೊನೆಗೆ, ಚಳಿ ಕಳೆದ ಮೇಲೆ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿ. ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಉದ್ದನೆಯ ಚೀಲವೇ ಬೇಕು. ಬೇರು ಸುತ್ತಿಕೊಂಡ ಸಸಿ ಮುಂದೆ ಸೊರಗುತ್ತದೆ.

ಗೊರಟಿನ ಗಿಡದ ಹಣ್ಣು ತಾಯಿಮರದ ರುಚಿಯನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ದಪ್ಪ ಹಣ್ಣು ಬೇಕೆಂದರೆ ಅಲ್ ರಾಯ್‌ನ ನರ್ಸರಿಗಳಲ್ಲಿ ಕಸಿ ಗಿಡ ಕೇಳಿ. ಕಸಿ ಕಟ್ಟಿದ ಗಂಟಿನ ಕೆಳಗೆ ಹೊರಡುವ ಚಿಗುರನ್ನು ಕಂಡಾಗಲೆಲ್ಲ ಚಿವುಟಿ.

ಅಕ್ಟೋಬರಿನಲ್ಲಿ ಸಸಿಯನ್ನು ದೊಡ್ಡ ಕುಂಡಕ್ಕೆ ದಾಟಿಸಿ. ಕುಂಡ ಒಂದೂವರೆ ಅಡಿಯಾದರೂ ಆಳವಿರಲಿ, ತಳದಲ್ಲಿ ತೂತುಗಳಿರಲಿ. ಎರಡು ಪಾಲು ಮರಳು ಮಣ್ಣಿಗೆ ಒಂದು ಪಾಲು ಕೊಳೆತ ಗೊಬ್ಬರ ಸಾಕು. ಬಿಸಿಲು ಬೀಳದ ಬಾಲ್ಕನಿಯಲ್ಲಿ ಈ ಗಿಡ ಹೂ ಬಿಡದು; ತಾರಸಿಯಲ್ಲಿಡುವುದಾದರೆ ಕಟ್ಟಡದ ಹಾರಿಸನನ್ನು, ಅಂದರೆ ಕಾವಲುಗಾರನನ್ನು, ಮೊದಲೇ ಕೇಳಿ.

ಬೇಸಗೆಯ ಪರೀಕ್ಷೆ

ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ನೆಲದಲ್ಲಿ ಬೇರೂರಿದ ಸಿದ್ರ್ ಇಂಥ ಬಿಸಿಲನ್ನು ತಡೆಯುತ್ತದೆ, ಕುಂಡದ ಗಿಡಕ್ಕೆ ಆಸರೆ ಬೇಕು. ನನ್ನ ಮೊದಲ ಗಿಡ ಸತ್ತದ್ದು ನೀರು ಕೊಟ್ಟೇ. ಜುಲೈನ ಒಂದು ಮಧ್ಯಾಹ್ನ ಮೂರು ಗಂಟೆಗೆ ನಲ್ಲಿಯಿಂದ ನೇರ ನೀರುಣಿಸಿದೆ. ತಾರಸಿಯ ಟ್ಯಾಂಕಿನಲ್ಲಿ ಕಾದಿದ್ದ ನೀರು ಅದು, ಕೈಯಿಟ್ಟರೆ ಸುಡುತ್ತಿತ್ತು. ಸಂಜೆಗೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು, ಗಿಡ ಮತ್ತೆ ಏಳಲಿಲ್ಲ. ಅಂದಿನಿಂದ ರಾತ್ರಿಯೇ ಬಕೆಟ್ಟಿನಲ್ಲಿ ನೀರು ಹಿಡಿದು ಮನೆಯೊಳಗಿಟ್ಟು, ಬೆಳಗಿನ ಐದಕ್ಕೆ ಹಾಕುತ್ತೇನೆ.

ಜೂನ್ 1ರಿಂದ ಆಗಸ್ಟ್ 31ರವರೆಗೆ ಹಗಲು 11ರಿಂದ 4 ಗಂಟೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿನ ಸರ್ಕಾರ ನಿಯಮ ಮಾಡಿದೆ. ಅದೇ ಹೊತ್ತಿನಲ್ಲಿ ಎಳೆಯ ಗಿಡಕ್ಕೂ ನೆರಳುಬಲೆ ಕಟ್ಟಿ. ಕುಂಡಕ್ಕೆ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಒಣ ಎಲೆ ಹರಡಿ. ಧೂಳಿನ ಗಾಳಿ ಬೀಸಿದ ಮರುದಿನ ಎಲೆಗಳ ಮೇಲೆ ನೀರು ಚಿಮುಕಿಸಿ ತೊಳೆಯಿರಿ.

ಶರತ್ಕಾಲದಲ್ಲಿ ಹಸಿರು ಹಳದಿಯ ಪುಟ್ಟ ಹೂಗಳು ಮೂಡುತ್ತವೆ, ಜೇನು ಹುಡುಕಿಕೊಂಡು ಬರುತ್ತದೆ. ಹೂವಿರುವಾಗ ಔಷಧಿ ಸಿಂಪಡಿಸಬೇಡಿ. ಹಣ್ಣಿನೊಳಗೆ ಹುಳು ಕಂಡರೆ ಅದು ಹಣ್ಣುನೊಣದ ಕೆಲಸ. ಉದುರಿದ್ದನ್ನೆಲ್ಲ ಆಯ್ದು ಚೀಲದಲ್ಲಿ ಕಟ್ಟಿ ಎಸೆಯಿರಿ. ಕೊಯ್ಲು ಮುಗಿದ ಮೇಲೆ ರೆಂಬೆಗಳನ್ನು ಸವರಿ. ಹಣ್ಣು ಬರುವುದು ಹೊಸ ಚಿಗುರಿನಲ್ಲೇ.

ಸವರಿದ ರೆಂಬೆಯ ಎಲೆ ಎಸೆಯಬೇಡಿ. ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ನೀರಿನಲ್ಲಿ ಕಲಸಿದರೆ ಸೀಗೆಯಂತೆ ನೊರೆ ಬರುತ್ತದೆ. ಅರಬ್ ಹೆಂಗಸರು ಹಿಂದಿನಿಂದಲೂ ಇದರಲ್ಲೇ ತಲೆ ತೊಳೆಯುತ್ತಿದ್ದರು.

ಕಸಿ ಗಿಡ ಒಂದೆರಡು ವರ್ಷಕ್ಕೆ ಫಲ ಕೊಡಬಹುದು, ಗೊರಟಿನ ಗಿಡಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು. ಮಗುವಿನ ಮೊದಲ ಸಂಕ್ರಾಂತಿಗೆ ಎರೆದ ಹಣ್ಣಿನ ಗೊರಟುಗಳನ್ನು ಎತ್ತಿಟ್ಟು ಆ ಫೆಬ್ರವರಿಯಲ್ಲೇ ಊರಿ. ಅದರ ಐದನೆಯ ಸಂಕ್ರಾಂತಿಗೆ ನಿಮ್ಮ ಗಿಡದ್ದೇ ಹಣ್ಣು ಎರೆಯಬಹುದು.