ಎತ್ತರಿಸಿದ ಪಿಕಪ್ ಯಾಕೆ ತತ್ತರಿಸುತ್ತದೆ?

ಪ್ರಶ್ನೆ: ನಾನಿರುವುದು ಅಮೆರಿಕದ ಕೊಲೊರಾಡೋದಲ್ಲಿ. ಈಚೆಗೆ 1998ರ ಡಾಡ್ಜ್ ರಾಮ್ ಫೋರ್ ವೀಲ್ ಡ್ರೈವ್ ಪಿಕಪ್ಪನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಹಿಂದಿನ ಮಾಲೀಕರು ಅದನ್ನು ನಾಲ್ಕು ಇಂಚು ಎತ್ತರಿಸಿ ದೊಡ್ಡ ಟಯರ್ ಹಾಕಿಸಿದ್ದಾರೆ. ಗಂಟೆಗೆ 50 ಮೈಲಿ ದಾಟಿದ ಮೇಲೆ ಸಣ್ಣ ಗುಂಡಿ ಸಿಕ್ಕರೂ ಸಾಕು, ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಅದುರುತ್ತದೆ. ಹೊಸ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿದೆ. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಶುರುವಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಜೀವದ ಮಾತು. ಅದುರು ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ರಸ್ತೆಯ ಅಂಚಿಗೆ ಬನ್ನಿ. ರಿಪೇರಿ ಆಗುವವರೆಗೆ ಹೆದ್ದಾರಿಗೆ ಇಳಿಸಲೇಬೇಡಿ.

ಅಲ್ಲಿನ ಮೆಕ್ಯಾನಿಕ್‌ಗಳು ಇದನ್ನು ‘ಡೆತ್ ವಾಬಲ್’ ಅನ್ನುತ್ತಾರೆ. ನಿಮ್ಮ ಗಾಡಿಯ ಎರಡು ಮುಂದಿನ ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿವೆ. ಹಾಗಾಗಿ ಒಂದರ ನಡುಕ ಇನ್ನೊಂದಕ್ಕೆ ದಾಟಿ, ತನ್ನಷ್ಟಕ್ಕೆ ಬೆಳೆಯುತ್ತಾ ಹೋಗುತ್ತದೆ. ಎಲ್ಲೋ ಒಂದು ಕಡೆ ಪ್ಲೇ, ಅಂದರೆ ಸಡಿಲ, ಇದ್ದರೆ ಮಾತ್ರ ಅದಕ್ಕೆ ಅವಕಾಶ. ಡ್ಯಾಂಪರ್ ಆ ನಡುಕವನ್ನು ಅದುಮುತ್ತದೆಯೇ ಹೊರತು ಪ್ಲೇ ತೆಗೆಯುವುದಿಲ್ಲ. ಅದುಮಿಟ್ಟಷ್ಟು ದಿನವೂ ಸವೆತ ಒಳಗೊಳಗೇ ಹೆಚ್ಚುತ್ತದೆ. ಅದಕ್ಕೇ ಡ್ಯಾಂಪರನ್ನು ಮದ್ದೆಂದು ಮಾರುವುದು ನನಗೆ ಒಪ್ಪಿಗೆಯಿಲ್ಲ.

1994ರಿಂದ 2001ರವರೆಗಿನ ಈ ಮಾದರಿಯಲ್ಲಿ ನಾನು ಮೊದಲು ಅನುಮಾನಪಡುವುದು ಟ್ರ್ಯಾಕ್ ಬಾರನ್ನು. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಚಾಸಿಗೆ ಬಿಗಿಹಿಡಿಯುವ ಓರೆ ಸಲಾಕೆ ಇದು. ಆಕ್ಸಲ್ ಕಡೆ ಇದಕ್ಕೆ ರಬ್ಬರ್ ಬುಶ್ ಇದೆ, ಚಾಸಿ ಕಡೆ ಬಾಲ್ ಜಾಯಿಂಟ್. ಆ ಜಾಯಿಂಟ್ ಬೇಗ ಸವೆಯುತ್ತದೆ. ಗಾಡಿ ಎತ್ತರಿಸಿದಾಗ ಸಲಾಕೆಯ ಓರೆ ಇನ್ನೂ ಹೆಚ್ಚಿ, ಆಕ್ಸಲನ್ನು ಡ್ರೈವರ್ ಕಡೆಗೆ ಎಳೆದುಕೊಳ್ಳುತ್ತದೆ. ಮುಂದೆ ನಿಂತು ನೋಡಿ: ಒಂದು ಬದಿಯ ಟಯರ್ ಹೆಚ್ಚು ಹೊರಗೆ ಚಾಚಿದ್ದರೆ, ಎತ್ತರಿಸಿದವರು ಟ್ರ್ಯಾಕ್ ಬಾರನ್ನು ಸರಿಹೊಂದಿಸದೆ ಬಿಟ್ಟಿದ್ದಾರೆ ಎಂದೇ ಅರ್ಥ. ಉದ್ದ ಹೊಂದಿಸಬಹುದಾದ ಬಾರ್ ಬೇಕು. ಎರಡೂ ತುದಿಗೆ ಬುಶ್ ಇರುವಂತೆ ಬದಲಿಸಿಕೊಳ್ಳುವ ಕಿಟ್‌ಗಳೂ ಸಿಗುತ್ತವೆ. ನನ್ನ ಆಯ್ಕೆ ಅದೇ.

ಮೊದಲ ಪರೀಕ್ಷೆಗೆ ಜಾಕ್ ಬೇಡ. ಗಾಡಿ ಚಕ್ರಗಳ ಮೇಲೇ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಎಂಜಿನ್ ಚಾಲೂ ಇಟ್ಟು, ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಕೆಳಗೆ ನೋಡುತ್ತಾ ಒಂದೊಂದೇ ಕೀಲನ್ನು ಮುಟ್ಟಿ, ಪ್ಲೇ ಇದೆಯೇ ಪರೀಕ್ಷಿಸಿ. ಬೋಲ್ಟಿನ ತೂತು ಅಂಡಾಕಾರಕ್ಕೆ ತಿರುಗಿದ್ದರೂ ಕಣ್ಣಿಗೆ ಬೀಳುತ್ತದೆ. ಹಾಗಾಗಿದ್ದರೆ ಬೋಲ್ಟು ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿದರೆ ಚಕ್ರದ ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗ್ ಹೋಗಿದೆ. ಪಕ್ಕಗಳಲ್ಲಿ ಹಿಡಿದಾಗ ಆಡಿದರೆ ಚಕ್ರ ತಿರುಗಿಸುವ ಟೈ ರಾಡ್ ಕಡೆ ನೋಡಿ. ಟಯರ್ ಬ್ಯಾಲೆನ್ಸಿಂಗ್ ಕೂಡ ಮಾಡಿಸಿ. ಮೊದಲ ನಡುಕ ಎಷ್ಟೋ ಸಲ ಅಲ್ಲೇ ಹುಟ್ಟುತ್ತದೆ.

ಅದುರದಿದ್ದಾಗಲೂ ಗಾಡಿ ಅತ್ತಿತ್ತ ಅಲೆಯುತ್ತದೆಯೇ? ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲವೇ? ಹಾಗಿದ್ದರೆ ಕ್ಯಾಸ್ಟರ್ ಕಡಿಮೆಯಾಗಿದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಚಕ್ರ ನೇರಕ್ಕೆ ಮರಳುತ್ತದಲ್ಲ, ಆ ಓರೆಯೇ ಕ್ಯಾಸ್ಟರ್. ಆಕ್ಸಲನ್ನು ಚಾಸಿಗೆ ಉದ್ದಕ್ಕೆ ಜೋಡಿಸುವ ಹಳೆಯ ಕಂಟ್ರೋಲ್ ಆರ್ಮ್‌ಗಳನ್ನೇ ಇಟ್ಟು ಎತ್ತರಿಸಿದರೆ ಆಕ್ಸಲ್ ಮುಂದಕ್ಕೆ ಹೊರಳಿ ಆ ಓರೆ ತಗ್ಗುತ್ತದೆ. ಉದ್ದದ ಆರ್ಮ್‌ಗಳು ಅಥವಾ ಹಳೆಯವುಗಳ ಚಾಸಿ ಕಡೆಯ ತುದಿಯನ್ನು ಕೆಳಗಿಳಿಸುವ ಡ್ರಾಪ್ ಬ್ರ್ಯಾಕೆಟ್ ಹಾಕಿಸಿ. ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸಲಾಕೆಯಾದ ಡ್ರ್ಯಾಗ್ ಲಿಂಕ್ ಮತ್ತು ಟ್ರ್ಯಾಕ್ ಬಾರ್ ಆದಷ್ಟೂ ಸಮಾನಾಂತರವಾಗಿರಲಿ. ಇಲ್ಲದಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಸ್ಟಿಯರಿಂಗ್ ತಾನೇ ತಿರುಗುತ್ತದೆ.

ಬುಶ್ ಇರುವ ಯಾವ ಬೋಲ್ಟನ್ನೂ ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬೇಡಿ. ಗಾಡಿಯನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚ್ ಹಿಡಿಯಿರಿ. ಇಲ್ಲದಿದ್ದರೆ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವುದು ಇದೆಲ್ಲ ಮುಗಿದ ಮೇಲೆ.