ಸಾಮಾಯಿಕದಲ್ಲಿ ಸ್ವ-ಪರ ವಿವೇಕ

ಚತುರ್ದಶಿಯಂದು ಚತುರ್ವಿಧಾಹಾರವನ್ನು ತ್ಯಜಿಸಿದ ಶ್ರಾವಕನು ಸಂಜೆ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ತ್ಯಾಗ ಮಾಡಿದವನು ಯಾರು? ಬಳ್ಳಾರಿಯ ಅಂಗಡಿಯ ಯಜಮಾನನೋ, ಸಿರುಗುಪ್ಪದ ಭತ್ತದ ಗದ್ದೆಯ ಒಡೆಯನೋ, ಕುರುಗೋಡಿನ ಮನೆಯೊಂದರ ಹಿರಿಯಳೋ? ಇವು ಲೋಕವ್ಯವಹಾರಕ್ಕೆ ಬೇಕಾದ ಹೆಸರುಗಳು. ಅಂಗಡಿ ಮುಚ್ಚಿದರೂ ಗದ್ದೆ ಪರರ ಪಾಲಾದರೂ ಅಳಿಯದ ಅರಿವೊಂದು ಒಳಗಿದೆ.

ಈ ವಿಚಾರವನ್ನು ಪರಮಪೂಜ್ಯ ಕುಂದಕುಂದಾಚಾರ್ಯರಂತೆ ಬಿಡಿಸಿ ಹೇಳಿದವರು ವಿರಳ. ಅವರ ಊರೆನಿಸಿದ ಕೊಂಡಕುಂದೆಯು ಗುಂತಕಲ್ಲಿನ ಸಮೀಪದ ಇಂದಿನ ಕೊನಕೊಂಡ್ಲ. ಅಲ್ಲಿಯ ರಸಸಿದ್ಧುಲ ಗುಟ್ಟದ ಮೇಲೆ ಜಿನಬಿಂಬಗಳಿವೆ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಅದು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಪದ್ಮನಂದಿಯೆಂಬ ಹೆಸರಿದ್ದ ಆಚಾರ್ಯರು ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಆದರೆ ಅವರು ‘ಸಮಯಸಾರ’ದಲ್ಲಿ ತಿಳಿಸಿದ್ದೇನು? ನಗರವನ್ನು ವರ್ಣಿಸಿದ ಮಾತ್ರಕ್ಕೆ ಅರಸನನ್ನು ವರ್ಣಿಸಿದಂತಾಗದು. ದೇಹವನ್ನು ಹೊಗಳಿದ ಮಾತ್ರಕ್ಕೆ ಕೇವಲಿಯ ಸ್ತುತಿಯಾಗದು. ಬಳ್ಳಾರಿಯ ಗುಡ್ಡವನ್ನೂ ಕೋಟೆಯನ್ನೂ ಎಷ್ಟು ಬಣ್ಣಿಸಿದರೂ ಅಲ್ಲಿ ಆಳಿದವನ ಸ್ವಭಾವ ತಿಳಿದೀತೇ?

ಪ್ರತ್ಯಾಖ್ಯಾನವೆಂದರೆ ಜ್ಞಾನವೇ ಎಂಬುದು ಅದೇ ಗ್ರಂಥದ ನಿರ್ಣಯ. ಇದಕ್ಕೆ ಅಮೃತಚಂದ್ರಾಚಾರ್ಯರು ಕೊಟ್ಟ ದೃಷ್ಟಾಂತ ಗೃಹಸ್ಥರಿಗೆ ಬಹು ಸುಲಭವಾದುದು. ಒಬ್ಬನು ಅಗಸನ ಮನೆಯಿಂದ ಪರರ ವಸ್ತ್ರವನ್ನು ತನ್ನದೆಂದು ತಂದು ಹೊದ್ದು ಮಲಗಿದನು. ವಸ್ತ್ರದ ಒಡೆಯನು ಬಂದು ಸೆರಗನ್ನು ಹಿಡಿದೆಳೆದು ಎಬ್ಬಿಸಿದಾಗ ಗುರುತುಗಳನ್ನು ನೋಡಿ, ಪರರದೆಂದರಿತು, ಒಡನೆಯೇ ಬಿಟ್ಟುಕೊಟ್ಟನು. ಬಿಡಲು ಬಲವಂತ ಬೇಕಾಗಲಿಲ್ಲ, ಗುರುತು ಸಿಕ್ಕಿದ್ದೇ ಸಾಕಾಯಿತು.

ಕುರುಗೋಡಿನ ಆ ಹಿರಿಯಳನ್ನೇ ನೆನೆಯೋಣ. ನೆರೆಯವರು ‘ಇಂದೂ ನಿರಾಹಾರವೇ, ಅಮ್ಮ!’ ಎಂದಾಗ ಆಕೆಯ ಮನಸ್ಸು ಹಿಗ್ಗುತ್ತದೆ. ಪೂಜಾದ್ರವ್ಯ ತರಲು ಸೊಸೆ ತಡಮಾಡಿದಾಗ ಕೆರಳುತ್ತದೆ. ಅನ್ನ ಬಿಟ್ಟಿತು, ‘ಉಪವಾಸಿ’ ಎಂಬ ಹೊಸ ವಸ್ತ್ರ ಮೈಗೇರಿತು! ಹಸಿವನ್ನು ತಾಳುವುದಕ್ಕಿಂತ ಇದನ್ನು ಕಳಚುವುದು ಕಷ್ಟ. ಸಂಜೆಯ ಸಾಮಾಯಿಕವಿರುವುದು ಇದಕ್ಕಾಗಿಯೇ. ಎರಡು ಘಳಿಗೆ, ಎಂದರೆ 48 ನಿಮಿಷ, ಕಾಯವನ್ನೂ ವಚನವನ್ನೂ ನಿಲ್ಲಿಸಿ ಆಕೆ ನೋಡಬೇಕಾದುದಿಷ್ಟು: ಹಿಗ್ಗು ಬಂದಿತು, ಹೋಯಿತು, ಸಿಟ್ಟು ಬಂದಿತು, ಹೋಯಿತು, ಬಂದುದನ್ನೂ ಹೋದುದನ್ನೂ ಅರಿತದ್ದು ಮಾತ್ರ ಹೋಗಲಿಲ್ಲ. ಜಪಸರ ತಿರುಗಿಸುತ್ತಲೇ ಮನಸ್ಸನ್ನು ಅಡಿಗೆಮನೆಗೆ ಕಳುಹಿದರೆ ಅದು ಸಾಮಾಯಿಕದ ಅತಿಚಾರಗಳಲ್ಲೊಂದಾದ ಮನೋದುಷ್ಪ್ರಣಿಧಾನ.

ಇಲ್ಲೊಂದು ಎಚ್ಚರಿಕೆ ಅವಶ್ಯ. ‘ಕ್ರೋಧ ಆತ್ಮನ ಸ್ವಭಾವವಲ್ಲ, ಆದುದರಿಂದ ನನ್ನ ತಪ್ಪೇನೂ ಇಲ್ಲ’ ಎನ್ನುವವರುಂಟು. ಶಾಸ್ತ್ರವನ್ನು ಅರ್ಧ ಓದಿದವರ ಜಾಣತನವಿದು! ಸ್ವಭಾವವಲ್ಲವೆಂದು ಅರಿತವನಿಗೆ ಅದನ್ನು ತಪ್ಪೆಂದು ಒಪ್ಪಿಕೊಳ್ಳಲು ಸಂಕೋಚವೇಕೆ? ಮರುದಿನ ಪಾರಣೆಗೆ ಮುನ್ನ ಸೊಸೆಯನ್ನು ಕರೆದು ‘ನಿನ್ನೆ ನುಡಿದದ್ದು ತಪ್ಪಾಯಿತಮ್ಮ’ ಎನ್ನುವುದೂ ಪ್ರತಿಕ್ರಮಣಕ್ಕೆ ಸೇರಿದ್ದೇ. ಸೊಸೆ ಉತ್ತರಿಸದೆ ಮುಖ ತಿರುಗಿಸಿದರೆ ಆಗ ಒಳಗೆ ಎದ್ದದ್ದೇನೆಂಬುದು ಮುಂದಿನ ಸಾಮಾಯಿಕದಲ್ಲಿ ನೋಡಬೇಕಾದ ವಿಷಯ.