ಮರದ ಹೊಡಿಯಾ?

ಸಾಲಿಗ್ರಾಮದಲ್ಲಿ ಕಾಫಿ ಹೊಡಿಯ ಅಂಗಡಿ ತೆರೆದಾಗ ನನ್ನ ಧೈರ್ಯವೆಲ್ಲ ಪೊಟ್ಟಣದ ಮೇಲೇ ಇತ್ತು. ಬೆಟ್ಟ, ಸೂರ್ಯ, ಹಬೆಯಾಡುವ ಲೋಟ, ಎಲ್ಲ ಬಣ್ಣದಲ್ಲಿ. ಗುರುನರಸಿಂಹನ ದರ್ಶನಕ್ಕೆ ಬಂದವರು ಚಿತ್ರ ನೋಡಿ ಕೊಂಡರು. ಎರಡನೇ ಸಲ ಬಂದವರು ಕಡಿಮೆ.

ಮೊದಲ ಮಳೆಗಾಲಕ್ಕೇ ಪಾಠವಾಯಿತು. ಚಿಕ್ಕಮಗಳೂರು ಕಡೆಯ ಬೀಜ ಆಗುಂಬೆ ಘಾಟಿ ಇಳಿದು ಬರಬೇಕು. ಮರ ಬಿದ್ದು ದಾರಿ ಕಟ್ಟಿದರೆ ಎಂಬ ಹೆದರಿಕೆಗೆ ಜೂನಿನಲ್ಲೇ ಎರಡು ತಿಂಗಳ ಹೊಡಿ ಮಾಡಿ ತುಂಬಿಟ್ಟೆ. ಉಪ್ಪೇ ನೀರಾಗುವ ನಮ್ಮೂರ ಥಂಡಿಯಲ್ಲಿ ಚಿಕೋರಿ ಬೆರೆತ ಹೊಡಿ ಗಂಟು ಕಟ್ಟದೆ ಇದ್ದೀತೇ? ಒಬ್ಬ ಅಜ್ಜಿ ಪೊಟ್ಟಣ ವಾಪಸು ತಂದರು. "ಹ್ವಾಯ್, ಇದ್ ಕಾಪಿ ಹೊಡಿಯಾ, ಮರದ ಹೊಡಿಯಾ?" ನಿಮ್ಮ ಫಿಲ್ಟರ್ ಸರಿಯಿಲ್ಲವೇನೋ ಎಂದುಬಿಟ್ಟೆ. ಹೊಡಿ ಕೆಟ್ಟಿದ್ದಕ್ಕಿಂತ ಈ ಉತ್ತರವೇ ದುಬಾರಿಯಾಯಿತು. ಆರು ತಿಂಗಳು ಅಜ್ಜಿಯೂ ಇಲ್ಲ, ಅವರ ಓಣಿಯವರೂ ಇಲ್ಲ.

ಆಗ ನೆನಪಾದವರು ಪಕ್ಕದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು. 1924ರಲ್ಲಿ ಸೋದರರೊಡನೆ ಅವರು ಬೆಂಗಳೂರಿನಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಎಂಟಿಆರ್ ಆಯಿತು. ಗಿರಾಕಿಗಳು ಅಡುಗೆಮನೆ ನೋಡಿಯೇ ಊಟಕ್ಕೆ ಕೂರುತ್ತಿದ್ದ ಹೋಟೆಲು ಅದು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ ಹೋಟೆಲಿನವರು ರುಚಿ ಕೆಡಿಸದೆ, ಆ ದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದ್ದರಂತೆ. ನಮ್ಮೂರ ಮಣ್ಣಿನವರ ಈ ಜಾಣತನ ನನಗೆ ಮೊದಲೇ ಹೊಳೆಯಬೇಕಿತ್ತು.

ಒಳಕೋಣೆಯ ಮಿಲ್ಲನ್ನು ಬಾಗಿಲ ಹತ್ತಿರ ತಂದೆ. ಗಿರಾಕಿ ಬಂದ ಮೇಲೆಯೇ ಬೀಸುವುದು, ನೂರು ಗ್ರಾಂ ಆದರೂ ಸರಿ. ಕಾಫಿ ಕನಿಷ್ಠ 51, ಚಿಕೋರಿ ಹೆಚ್ಚೆಂದರೆ 49 ಪಾಲು, ಪ್ರಮಾಣ ಪೊಟ್ಟಣದ ಮೇಲಿರಬೇಕು ಎನ್ನುತ್ತದೆ ಕಾನೂನು. ಇರುವೆಯಕ್ಷರದಲ್ಲಿ ಇದ್ದುದನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ: ಕಾಫಿ 70, ಚಿಕೋರಿ 30. "ಇಷ್ಟ್ ದಿನ ಚಿಕೋರಿ ಹಾಕ್ತಿದ್ರ್ಯಾ?" ಎಂದು ಕೆಲವರು ಹೌಹಾರಿದರು, ಒಂದಿಬ್ಬರು ಬಿಟ್ಟೇ ಹೋದರು. ಚಿಕೋರಿ ಪಾಪದ ವಸ್ತುವೇನಲ್ಲ, ಹುರಿದ ಬೇರು. ಡಿಕಾಕ್ಷನ್ ದಪ್ಪಗೆ ಇಳಿಯಬೇಕು ಎನ್ನುವವರು ಅದನ್ನೇ ಕೇಳಿ ಹಾಕಿಸುತ್ತಾರೆ. ಕದ್ದು ಹಾಕಿದರೆ ಮಾತ್ರ ಜಗಳ.

ಜನವರಿ ಜಾತ್ರೆಗೆ ಬಂದ ಅಜ್ಜಿ ಮಿಲ್ಲಿನ ಬುಡದಲ್ಲೇ ನಿಂತು, ಬಿಸಿ ಹೊಡಿಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿದರು. ಫಿಲ್ಟರಿನ ಮಾತಿಗೆ ತಪ್ಪಾಯಿತೆಂದೆ. ಕೇಳಿಸದವರಂತೆ ನೂರು ಗ್ರಾಂ ಕಟ್ಟಿಸಿಕೊಂಡರು.

2024ರಲ್ಲಿ ರೋಬಸ್ಟಾ ಬೆಲೆ ಹುಚ್ಚೇರಿದಾಗ ಎಪ್ಪತ್ತನ್ನು ಸದ್ದಿಲ್ಲದೆ ಅರವತ್ತಕ್ಕಿಳಿಸುವ ಆಸೆ ನನಗೂ ಆಗಿತ್ತು, ಸುಳ್ಳೇಕೆ. ಅಳತೆ ಹಾಗೇ ಬಿಟ್ಟು, ಹೊಸ ದರವನ್ನು ಒಂದು ವಾರ ಮುಂಚೆ ಹಲಗೆಗೆ ಬರೆದೆ. ಅರ್ಧ ಕಿಲೋದವರು ಕಾಲಿಗೆ ಇಳಿದರು. ಅಜ್ಜಿ ಕನ್ನಡಕ ಏರಿಸಿ ಹಲಗೆಯನ್ನು ಗಟ್ಟಿಯಾಗಿ ಓದಿ, "ನಂಗ್ ನೂರ್ ಗ್ರಾಂ ಸಾಕ್" ಎಂದರು. ಈಗಲೂ ವಾರಕ್ಕೊಮ್ಮೆ ಅಷ್ಟೇ. ಕಾಲು ಕಿಲೋ ಒಂದು ಸಲವೂ ಒಯ್ದಿಲ್ಲ.